ನ್ಯೂಯಾರ್ಕ್‌ಗಿಂತ ಮೊದಲೇ ರೆಸಿಫೆ

ಮಾನ್ಯರೇ,

ಅಮೆರಿಕ ಖಂಡಗಳ ಯಹೂದಿ ಸಮುದಾಯದ ಕಥೆಯನ್ನು 1654ರ ನ್ಯೂಯಾರ್ಕ್‌ನಿಂದ ಶುರು ಮಾಡುವುದು ರೂಢಿಯಾಗಿಬಿಟ್ಟಿದೆ. ಅದಕ್ಕೂ ಮುಂಚೆಯೇ ಬ್ರೆಜಿಲ್‌ನ ರೆಸಿಫೆಯಲ್ಲಿ ‘ಕಹಲ್ ಜುರ್ ಇಸ್ರೇಲ್’ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಇತ್ತು. 1630ರಲ್ಲಿ ಡಚ್ಚರು ಊರನ್ನು ಗೆದ್ದ ಮೇಲೆ, ಪೋರ್ಚುಗೀಸರ ಧರ್ಮವಿಚಾರಣೆಗೆ ಹೆದರಿ ಹೊರನೋಟಕ್ಕೆ ಕ್ರೈಸ್ತರಾಗಿದ್ದ ಯಹೂದಿಗಳು ಬಹಿರಂಗವಾಗಿ ಪ್ರಾರ್ಥಿಸತೊಡಗಿದರು. ಆಮ್‌ಸ್ಟರ್‌ಡ್ಯಾಂನಿಂದ ರಬ್ಬಿ (ಯಹೂದಿ ಧರ್ಮಗುರು) ಐಸಾಕ್ ಅಬೋಬ್ ಕೂಡ ಬಂದರು. 1654ರಲ್ಲಿ ಪೋರ್ಚುಗೀಸರು ಮರಳಿದರು, ಅಲ್ಲಿ ಒಟ್ಟಾಗಿ ಪ್ರಾರ್ಥಿಸುತ್ತಿದ್ದವರ ಸಭೆ ಚದುರಿತು.

ಅದೇ ವರ್ಷ ಅವರಲ್ಲಿ 23 ಮಂದಿ ನ್ಯೂ ಆಮ್‌ಸ್ಟರ್‌ಡ್ಯಾಂ, ಅಂದರೆ ಇಂದಿನ ನ್ಯೂಯಾರ್ಕ್ ತಲುಪಿದರು. ಗವರ್ನರ್ ಪೀಟರ್ ಸ್ಟೈವೆಸೆಂಟ್ ಅವರನ್ನು ಹೊರಹಾಕಲು ನೋಡಿದ. ಆ ವಸಾಹತನ್ನು ನಡೆಸುತ್ತಿದ್ದ ಡಚ್ ವೆಸ್ಟ್ ಇಂಡಿಯಾ ಕಂಪನಿ ಒಪ್ಪಲಿಲ್ಲ. ಕಂಪನಿಯಲ್ಲಿ ಯಹೂದಿಗಳ ಬಂಡವಾಳವೂ ಇತ್ತಲ್ಲ! ತಮ್ಮ ಬಡವರನ್ನು ತಾವೇ ಸಾಕಿಕೊಳ್ಳಬೇಕೆಂಬ ಷರತ್ತು ಹಾಕಿ 1655ರಲ್ಲಿ ಇರಲು ಬಿಟ್ಟಿತು. ‘ಶಿಯರಿತ್ ಇಸ್ರೇಲ್’ ಸಭೆ ಬೆಳೆದದ್ದು ಹೀಗೆ. ಆದರೆ ಅದಕ್ಕೆ ಸ್ವಂತ ಸಿನಗಾಗ್ ಕಟ್ಟಡ ಸಿಕ್ಕಿದ್ದು 1730ರಲ್ಲಿ. ಅಲ್ಲಿಯವರೆಗೆ ಮನೆಗಳಲ್ಲಿ, ಬಾಡಿಗೆ ಕೋಣೆಗಳಲ್ಲಿ ಪ್ರಾರ್ಥನೆ.

ಕೆರಿಬಿಯನ್ನಿನ ಕುರಸಾವೊ ದ್ವೀಪವನ್ನಂತೂ ನೆನೆಯುವವರೇ ಕಡಿಮೆ. ಅಲ್ಲಿನ ಸಭೆ 1651ರದ್ದು, 1732ರ ಸಿನಗಾಗ್ ಇಂದಿಗೂ ಬಳಕೆಯಲ್ಲಿದೆ. ಅದರ ನೆಲಕ್ಕೆ ಮರಳು ಹಾಸಿದ್ದಾರೆ. ಪುರಾತನ ಯಹೂದಿಗಳು ಅಲೆದ ಸಿನಾಯ್ ಮರುಭೂಮಿಯ ನೆನಪಿಗೆ ಎನ್ನುವವರಿದ್ದಾರೆ. ಕದ್ದು ಪ್ರಾರ್ಥಿಸುವಾಗ ಹೆಜ್ಜೆಸಪ್ಪಳ ಕೇಳದಿರಲೆಂದು ಮರಳು ಹರಡುತ್ತಿದ್ದ ಪೂರ್ವಿಕರ ನೆನಪಿಗೆ ಎನ್ನುವವರೂ ಇದ್ದಾರೆ. ಪ್ರವಾಸಿಗರಿಗೆ ಹೆಚ್ಚು ಹಿಡಿಸುವುದು ಎರಡನೆಯದೇ.

– ಓದುಗ, ಮೈಸೂರು