ವಿ.ವಿ. ಮಹಿಳಾ ಹಾಕಿಯ ಚರಿತ್ರೆ ದಾಖಲಾಗಲಿ

ಮಾನ್ಯರೆ,

ವಿಶ್ವವಿದ್ಯಾಲಯ ಮಟ್ಟದಲ್ಲಿ ಹಾಕಿ ಆಡಿದ ವಿದ್ಯಾರ್ಥಿನಿಯರ ಸಾಧನೆಯನ್ನು ಒಂದೆಡೆ ದಾಖಲಿಸುವ ಕೆಲಸ ತುರ್ತಾಗಿ ಆಗಬೇಕಿದೆ. ಮಹಿಳಾ ಹಾಕಿ ಒಲಿಂಪಿಕ್ಸ್‌ಗೆ ಮೊದಲ ಬಾರಿ ಸೇರ್ಪಡೆಯಾದ 1980ರ ಮಾಸ್ಕೊ ಕೂಟದಲ್ಲಿ ಭಾರತದ ವನಿತೆಯರು ನಾಲ್ಕನೇ ಸ್ಥಾನ ಪಡೆದಿದ್ದರು. 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ ಮತ್ತೆ ಅದೇ ಸ್ಥಾನ ಬಂದಾಗ ದೇಶವೇ ಕೊಂಡಾಡಿತು. ಇಂತಹ ತಂಡಗಳಿಗೆ ಆಟಗಾರ್ತಿಯರನ್ನು ಸಜ್ಜುಗೊಳಿಸುವ ಹಾದಿಯಲ್ಲಿ ಅಂತರ ಕಾಲೇಜು ಮತ್ತು ಅಂತರ ವಿಶ್ವವಿದ್ಯಾಲಯ ಪಂದ್ಯಗಳೂ ಮುಖ್ಯ ಮೆಟ್ಟಿಲುಗಳೇ. ಆದರೆ ನಮ್ಮ ಜಿಲ್ಲೆಯ ಕಾಲೇಜೊಂದರ ಗಾಜಿನ ಕಪಾಟಿನಲ್ಲಿರುವ ಹಳೆಯ ತಂಡದ ಚಿತ್ರವನ್ನು ನೋಡಿದರೆ, ಕರಾವಳಿಯ ಮಳೆಗಾಲದ ತೇವಕ್ಕೆ ಅದರಡಿಯ ಹೆಸರುಗಳೆಲ್ಲ ಅಳಿಸಿಹೋಗಿ, ಸ್ಟಿಕ್ ಹಿಡಿದು ನಿಂತ ಯುವತಿಯರು ಯಾರೆಂಬುದೇ ತಿಳಿಯದು. (ಪಕ್ಕದ ಕ್ರಿಕೆಟ್ ಫಲಕಕ್ಕೆ ಮಾತ್ರ ಹೊಸ ಚೌಕಟ್ಟು ಬಂದಿದೆ!) ಹಿಂದೆ ಆಡಿದವರ ಗುರುತೇ ಇಲ್ಲದೆಡೆ, ಹಾಕಿಯೂ ತಮ್ಮ ಆಟವೆಂದು ಇಂದಿನ ವಿದ್ಯಾರ್ಥಿನಿಯರಿಗೆ ಅನ್ನಿಸುವುದು ಕಷ್ಟ.

ಕಾರವಾರ, ಕುಮಟಾ, ಹೊನ್ನಾವರ, ಶಿರಸಿಯ ಕಾಲೇಜುಗಳಲ್ಲಿರುವ ಹಳೆಯ ಕ್ರೀಡಾ ವರದಿ, ಪ್ರಮಾಣಪತ್ರ ಹಾಗೂ ಚಿತ್ರಗಳನ್ನು ವಿಶ್ವವಿದ್ಯಾಲಯದ ದೈಹಿಕ ಶಿಕ್ಷಣ ವಿಭಾಗವು ಸಂಗ್ರಹಿಸಿ, ಹಿರಿಯ ಆಟಗಾರ್ತಿಯರಿಂದ ಹೆಸರುಗಳನ್ನು ಖಚಿತಪಡಿಸಿಕೊಂಡು, ಪುಸ್ತಕ ರೂಪದಲ್ಲಿ ಪ್ರಕಟಿಸಲಿ.

– ಓದುಗರೊಬ್ಬರು, ಕಾರವಾರ