ಮೇಘಾಳಿಗೆ, ಗೋಲಿನ ಮುಂದೆ ನಿಲ್ಲುವ ವಿಚಾರ

ಪ್ರೀತಿಯ ಮೇಘಾ,

ನಿನ್ನ ಕಾಗದ ಬಂತು. ಹಾಸ್ಟೆಲ್ಲಿನ ಊಟ, ಹೊಸ ರೂಮು, ಪರೀಕ್ಷೆ ಎಲ್ಲ ಓದಿದೆ. ಇಲ್ಲಿಯ ಸುದ್ದಿ ನಿಮ್ಮಪ್ಪ ಫೋನಿನಲ್ಲಿ ಹೇಳಿರುತ್ತಾನೆ, ನಾನು ಮತ್ತೆ ಬರೆಯುವುದಿಲ್ಲ. ಆದರೆ ಕೊನೆಯ ಪುಟದಲ್ಲಿ ಒಂದು ಮಾತು ಬರೆದಿದ್ದೀಯಲ್ಲ, ಅದನ್ನು ಓದಿದಾಗಿನಿಂದ ನನಗೆ ಸಮಾಧಾನವೇ ಇಲ್ಲ. “ಗೋಲ್ ಹೊಡೆಯೋದು ಹುಟ್ಟಿನಿಂದಲೇ ಬರಬೇಕಂತೆ ದೊಡ್ಡಪ್ಪ, ಕಲಿಸೋಕೆ ಆಗಲ್ವಂತೆ. ನನಗೆ ಅದು ಇಲ್ಲ ಅನ್ಸುತ್ತೆ.” ನಿಮ್ಮ ಫುಟ್‌ಬಾಲ್ ಕೋಚ್ ನಿನ್ನನ್ನು ಗೋಲಿನ ಮುಂದಿನಿಂದ ತೆಗೆದು ವಿಂಗಿಗೆ, ಅಂದರೆ ಮೈದಾನದ ಅಂಚಿಗೆ, ಹಾಕುವ ಯೋಚನೆಯಲ್ಲಿದ್ದಾರೆ ಅಂತಲೂ ಬರೆದಿದ್ದೀಯ. ವಿಂಗಿನಲ್ಲಿ ಆಡುವುದು ಕಡಿಮೆಯ ಕೆಲಸವೇನಲ್ಲ. ‘ನನಗೆ ಅದು ಇಲ್ಲ’ ಅಂದೆಯಲ್ಲ, ನನ್ನನ್ನು ಕಾಡುತ್ತಿರುವುದು ಆ ಮಾತು.

ನಾನು ಆಡಿದ್ದು ಸ್ಟಾಪರ್ ಆಗಿ, ನಿನಗೆ ಗೊತ್ತೇ ಇದೆ. ಗೋಲ್ ಹೊಡೆಯುವವರಿಗೆ ಅಂಟಿಕೊಂಡು ನಿಲ್ಲುವುದೇ ನನ್ನ ಕೆಲಸವಾಗಿತ್ತು. ಅದಕ್ಕೇ ಈ ‘ಅದು’ ಅನ್ನುವುದು ಹೇಗಿರುತ್ತೆ ಅಂತ ಸ್ವಲ್ಪ ಹೇಳಬಲ್ಲೆ. ಗ್ಯಾಲರಿಯಲ್ಲಿ ಕೂತವರಿಗೆ ಕಾಣುವುದು ಕೊನೆಯ ಒದೆತ ಮಾತ್ರ. ನನಗೆ ಅದರ ಹಿಂದಿನದು ಕಾಣುತ್ತಿತ್ತು. ಕಾಣುತ್ತಿತ್ತು ಅನ್ನುವುದಕ್ಕಿಂತ, ಅಲ್ಲೇ ನಾನು ಸೋಲುತ್ತಿದ್ದೆ.

ಬೆಂಗಳೂರಿನ ಅಶೋಕನಗರದ ಸ್ಟೇಡಿಯಂನಲ್ಲಿ ಲೀಗ್ ಆಡುವಾಗ ಎದುರು ತಂಡದಲ್ಲಿ ಗೋಲ್ ಹೊಡೆಯುವ ಫಾರ್ವರ್ಡ್ ಒಬ್ಬರು ಇದ್ದರು. ಸಣ್ಣ ಆಳು, ಅಂಥ ವೇಗವೂ ಇರಲಿಲ್ಲ. ಮ್ಯಾಚಿನ ಮುಕ್ಕಾಲು ಭಾಗ ಸುಮ್ನೆ ಅಡ್ಡಾಡುತ್ತಿದ್ದಂತೆ ಕಾಣುತ್ತಿದ್ದರು. ಚೆಂಡು ಬಲಗಡೆ ಕಾರ್ನರ್ ಫ್ಲ್ಯಾಗ್ ಹತ್ತಿರ ಹೋಯಿತು ಅನ್ನು. ಅಂಚಿನಿಂದ ಗೋಲಿನ ಮುಂದಕ್ಕೆ ಒದೆಯುವ ಚೆಂಡು, ಅದೇ ಕ್ರಾಸ್, ಯಾವಾಗ ಬರುತ್ತೆ ಅಂತ ನಾನು ಆ ಕಡೆ ತಲೆ ತಿರುಗಿಸಲೇಬೇಕು. ಆ ಮನುಷ್ಯ ಕಾಯುತ್ತಿದ್ದದ್ದು ನನ್ನ ತಲೆ ತಿರುಗುವುದಕ್ಕೆ. ಅಷ್ಟರಲ್ಲಿ ನನ್ನ ಇನ್ನೊಂದು ಭುಜದ ಹಿಂದೆ ಸರಿದು ನಿಂತಿರುತ್ತಿದ್ದರು. ಹಿಂದೆಲ್ಲೋ ಇದ್ದಾರೆ ಅಂತ ನಾನು ಒಂದು ಹೆಜ್ಜೆ ಹಿಂದಕ್ಕಿಟ್ಟರೆ, ನನ್ನ ಮುಂದಿನಿಂದ ನುಗ್ಗಿ ಚೆಂಡಿನ ಕಡೆಯ ಗೋಲ್ ಕಂಬದ ಹತ್ತಿರ ಕಾಲು ಕೊಟ್ಟಾಗಿರುತ್ತಿತ್ತು. ಒದೆತವೂ ಅಲ್ಲ ಅದು, ಬರೀ ಕಾಲು ತಾಗಿಸಿದ್ದು. ಪೇಪರಿನವರು ಮಾರನೇ ದಿನ ‘ಗೋಲಿನ ವಾಸನೆ ಹಿಡಿಯುವ ಆಟಗಾರ’ ಅಂತ ಬರೆಯುತ್ತಿದ್ದರು. ನಾನು ಕಂಡದ್ದು ವಾಸನೆಯಲ್ಲ ಮೇಘಾ, ಕಣ್ಣು. ಚೆಂಡು ದೂರ ಇದ್ದಾಗಲೇ ಅವರು ಗೋಲ್‌ಕೀಪರನ್ನು, ನನ್ನನ್ನು, ನಮ್ಮ ನಡುವಿನ ಜಾಗವನ್ನು ನೋಡಿ ಮುಗಿಸಿರುತ್ತಿದ್ದರು.

1974ರ ವಿಶ್ವಕಪ್ ಫೈನಲ್ಲಿನಲ್ಲಿ ಪಶ್ಚಿಮ ಜರ್ಮನಿಯ ಗೆರ್ಡ್ ಮುಲ್ಲರ್ ಹೊಡೆದ ಗೋಲು ಯೂಟ್ಯೂಬಿನಲ್ಲಿ ಸಿಗುತ್ತೆ, ಬಿಡುವಾದಾಗ ನೋಡು. ಮ್ಯೂನಿಕ್‌ನಲ್ಲಿ, ಹಾಲೆಂಡ್ ವಿರುದ್ಧ. ಬಲಗಡೆಯಿಂದ ಅವನ ತಂಡದ ಬಾನ್‌ಹಾಫ್ ಕೊಟ್ಟ ಚೆಂಡು ಮುಲ್ಲರ್ ಕಾಲಿಗೆ ತಾಗಿ ಅವನ ಹಿಂದಕ್ಕೇ ಹೋಗುತ್ತೆ. ಬೇರೆಯವರಾಗಿದ್ದರೆ ಚಾನ್ಸ್ ಹೋಯ್ತು ಅಂತ ನಿಂತುಬಿಡುತ್ತಿದ್ದರು. ಅವನು ಹಿಂದಕ್ಕೆ ಸರಿದು, ಇದ್ದಲ್ಲೇ ತಿರುಗಿ, ನೆಲಕ್ಕಂಟಿದ ಹಾಗೆ ಹೊಡೆಯುತ್ತಾನೆ. ಪಶ್ಚಿಮ ಜರ್ಮನಿ 2-1ರಿಂದ ಗೆದ್ದಿತು. 62 ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಅವನದು 68 ಗೋಲು. ಹುಟ್ಟಿನಿಂದಲೇ ಬರಬೇಕು ಅನ್ನುವವರೆಲ್ಲ ಮೊದಲು ಹೇಳುವುದು ಅವನ ಹೆಸರನ್ನೇ. ನಾನೂ ಒಪ್ಪುತ್ತೇನೆ, ಅವನಂಥವರು ಅಪರೂಪ. ಆದರೆ ಗೋಲ್ ಹೊಡೆದವರೆಲ್ಲ ಮುಲ್ಲರ್‌ಗಳೇ?

ಕ್ರಿಸ್ಟಿಯಾನೊ ರೊನಾಲ್ಡೊನನ್ನೇ ತಗೋ. ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದಾಗ ಅವನು ವಿಂಗರ್, ಕಾಲ್ಚಳಕದ ಹುಡುಗ. 2007ರ ಆಗಸ್ಟಿನಲ್ಲಿ ರೆಡ್ ಕಾರ್ಡ್ ಸಿಕ್ಕಿ ಮೂರು ಮ್ಯಾಚ್ ಹೊರಗೆ ಕೂರಬೇಕಾಯಿತು. ಆ ಹೊತ್ತಿನಲ್ಲಿ ಅಲ್ಲಿಯ ಕೋಚ್ ರೆನೆ ಮ್ಯೂಲೆನ್‌ಸ್ಟೀನ್ ಅವನನ್ನು ಕೂರಿಸಿಕೊಂಡು, ಗೋಲಿನ ಮುಂದಿನ ಜಾಗವನ್ನು ಭಾಗ ಮಾಡಿ ತೋರಿಸಿದರು. ಯಾವ ಜಾಗದಿಂದ ಯಾವ ತರಹದ ಹೊಡೆತ, ಗೋಲ್‌ಕೀಪರ್ ಎಲ್ಲಿರುತ್ತಾನೆ, ಎಲ್ಲಿ ಒಂದೇ ಟಚ್ ಸಾಕು, ಎಲ್ಲ ಬಿಡಿಸಿ ಬಿಡಿಸಿ ಕಲಿಸಿದರು. ಪ್ರತಿ ಗೋಲೂ ಚೆಂದವಾಗಿರಬೇಕು ಅನ್ನುವ ಆಸೆಯನ್ನೂ ಬಿಡಿಸಿದರು. ಹಿಂದಿನ ಸೀಸನ್ನಿನಲ್ಲಿ ಅವನದು 23 ಗೋಲು. ಆ ಸೀಸನ್ನಿನಲ್ಲಿ 42. ಅವನ ಕಾಲು, ಅವನ ಹಟ ಎಲ್ಲರಿಗೂ ಬರುವುದಿಲ್ಲ, ನಿಜ. ಆದರೆ ಕಲಿಸಿದ್ದನ್ನು ಕಲಿತ, ಅಲ್ವಾ? ತಿಯೆರಿ ಹೆನ್ರಿಯೂ ಹಾಗೇ. ಯುವೆಂಟಸ್‌ನಲ್ಲಿ ಅವನನ್ನು ವಿಂಗಿನಲ್ಲಿ ಆಡಿಸಿದ್ದರು. 1999ರಲ್ಲಿ ಆರ್ಸೆನಲ್‌ಗೆ ಬಂದ ಮೇಲೆ ಅಲ್ಲಿಯ ಮ್ಯಾನೇಜರ್ ವೆಂಗರ್ ನಡುವೆ, ಗೋಲಿನ ಮುಂದೆ ನಿಲ್ಲಿಸಿದರು. ಶುರುವಿನ ಮ್ಯಾಚುಗಳಲ್ಲಿ ಗೋಲೇ ಬರಲಿಲ್ಲ. ಕೊನೆಗೆ ಆ ಕ್ಲಬ್ಬಿಗೆ 228 ಗೋಲು ಹೊಡೆದ.

ಹಾಗಂತ ನಿನಗೆ ಸುಳ್ಳು ಸಮಾಧಾನ ಹೇಳಲಾರೆ. ಏನೋ ಒಂದು ಉಳಿಯುತ್ತೆ. ಸಿಕ್ಕ ಅರೆ ಕ್ಷಣದಲ್ಲಿ ಗಾಬರಿಯಾಗದೆ ನಿಲ್ಲುವ ಗುಣ ಕೆಲವರಿಗೆ ಚಿಕ್ಕಂದಿನಿಂದಲೇ ಜಾಸ್ತಿ ಇರುತ್ತೆ. ಎಷ್ಟು ಹೇಳಿಕೊಟ್ಟರೂ ಕೆಲವರಿಗೆ ಬರುವುದಿಲ್ಲ, ಅದನ್ನೂ ನೋಡಿದ್ದೇನೆ. ಆದರೆ ಯಾರಿಗೆ ಇದೆ, ಯಾರಿಗೆ ಇಲ್ಲ ಅಂತ ಹದಿನೇಳನೇ ವಯಸ್ಸಿಗೇ ತೀರ್ಪು ಕೊಡುತ್ತಾರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಜರ್ಮನಿಯ ಮಿರೋಸ್ಲಾವ್ ಕ್ಲೋಸೆ ಬಡಗಿ ಕೆಲಸ ಕಲಿತವನು. ಇಪ್ಪತ್ತರ ವಯಸ್ಸಿನಲ್ಲೂ ಕೆಳಗಿನ ಲೀಗುಗಳಲ್ಲೇ ಆಡುತ್ತಿದ್ದ. ಇವತ್ತು ಪುರುಷರ ವಿಶ್ವಕಪ್ ಇತಿಹಾಸ ತೆಗೆದರೆ ಅವನ ಹೆಸರಿನಲ್ಲಿ 16 ಗೋಲು. ಅವನಿಗೆ ಹದಿನೇಳರಲ್ಲಿ ಯಾರಾದರೂ ‘ನಿನಗೆ ಅದು ಇಲ್ಲ’ ಅಂದು, ಅವನು ಅದನ್ನು ನಂಬಿಬಿಟ್ಟಿದ್ದರೆ?

ನಂಬಿದ ಒಬ್ಬನನ್ನು ನಾನು ಬಲ್ಲೆ. ನಮ್ಮ ಕಂಪನಿ ತಂಡದಲ್ಲೇ ಇದ್ದ, ನನಗಿಂತ ಒಂದೆರಡು ವರ್ಷ ಚಿಕ್ಕವನು. ಹೆಸರು ಬೇಡ. ಪ್ರಾಕ್ಟೀಸಿನಲ್ಲಿ ಅವನಿಗೆ ಅಂಟಿಕೊಂಡು ಮಾರ್ಕ್ ಮಾಡಿ ಮಾಡಿ ನನಗೆ ಸಾಕಾಗಿ ಹೋಗುತ್ತಿತ್ತು. ಎಲ್ಲಿಂದ ಬರುತ್ತಾನೆ ಅಂತಲೇ ಗೊತ್ತಾಗುತ್ತಿರಲಿಲ್ಲ. ಒಂದು ದೊಡ್ಡ ಮ್ಯಾಚಿನಲ್ಲಿ ಖಾಲಿ ಗೋಲಿಗೆ ಹೊಡೆದದ್ದು ಪೋಸ್ಟಿನ ಪಕ್ಕ ಹೋಯಿತು. ನಮ್ಮ ಮ್ಯಾನೇಜರ್ ಎಲ್ಲರ ಎದುರು, “ಇವನಿಗೆ ಗೋಲಿನ ಕಳೆಯೇ ಇಲ್ಲ” ಅಂದುಬಿಟ್ಟರು. ಮುಂದಿನ ವಾರ ವಿಂಗಿಗೆ, ಆಮೇಲೆ ಬೆಂಚಿಗೆ, ಆಮೇಲೆ ಆಟವೇ ನಿಂತಿತು. ಆಫೀಸ್ ಕೆಲಸ ಮಾಡಿಕೊಂಡು ರಿಟೈರ್ ಆದ. ಅವನು ಖಾಲಿ ಗೋಲಿನ ಮುಂದೆ ಒಬ್ಬನೇ ಹೇಗೆ ಬಂದು ನಿಂತ ಅಂತ ಯಾರೂ ಕೇಳಲಿಲ್ಲ. ಅಲ್ಲಿಗೆ ಬಂದು ನಿಲ್ಲುವುದೇ ಕಷ್ಟದ ವಿದ್ಯೆ. ಒದೆತವನ್ನು ತಿದ್ದಬಹುದಿತ್ತು. ನಮಗಾಗ ತಿದ್ದುವವರೇ ಇರಲಿಲ್ಲ. ಮೈದಾನ ಸುತ್ತು, ಎರಡು ಪಾಲಾಗಿ ಮ್ಯಾಚ್ ಆಡು, ಮನೆಗೆ ಹೋಗು. ಫಾರ್ವರ್ಡ್‌ಗಳನ್ನು ಬೇರೆ ನಿಲ್ಲಿಸಿಕೊಂಡು ಹೇಳಿಕೊಟ್ಟವರನ್ನು ನಾನು ನೋಡಲೇ ಇಲ್ಲ. ತಂಡದಲ್ಲಿ ನಾನೂ ಹೊಸಬ, ನನ್ನ ಮಾತು ನಡೆಯುವ ಹಾಗಿರಲಿಲ್ಲ. ಆದರೂ ಆ ಸಂಕಟ ಹೋಗಿಲ್ಲ ಪುಟ್ಟಿ. ಅವನ ಹೆಂಡತಿ, ಮಕ್ಕಳಿಗೆ ಅವನು ಎಂಥ ಆಟಗಾರ ಅಂತಲೇ ಗೊತ್ತಿಲ್ಲ.

ನಿನ್ನ ಕಾಗದ ಓದಿದಾಗ ಅವನೇ ನೆನಪಾದ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಕಳೆದ ಮೂರು ಮ್ಯಾಚಿನಲ್ಲಿ ಗೋಲಿಲ್ಲ ಅಂದಿದ್ದೀಯ. ದೊಡ್ಡ ದೊಡ್ಡ ಲೀಗುಗಳಲ್ಲೂ ಹತ್ತು ಶಾಟಿಗೆ ಸುಮಾರು ಒಂದು ಒಳಗೆ ಹೋಗುತ್ತೆ, ಅಷ್ಟೇ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್ ಗೋಲು ಹೊಡೆದ ಕಥೆ ನಮ್ಮ ಹಿರಿಯರು ಹೇಳುತ್ತಿದ್ದರು. ತಂಡದ ಹೆಚ್ಚಿನವರು ಬರಿಗಾಲಲ್ಲಿ ಆಡಿದ ಪಂದ್ಯ ಅದು. ಅದೇ ಪಂದ್ಯದಲ್ಲಿ ಭಾರತಕ್ಕೆ ಎರಡು ಪೆನಾಲ್ಟಿ ಸಿಕ್ಕಿ, ಎರಡೂ ತಪ್ಪಿದವು. 2-1ರಿಂದ ಸೋತೆವು. ನಿಂತ ಚೆಂಡು, ಎದುರಿಗೆ ಗೋಲ್‌ಕೀಪರ್ ಒಬ್ಬನೇ, ಅದೇ ತಪ್ಪುತ್ತೆ. ನಮ್ಮ ಸುನಿಲ್ ಛೇತ್ರಿ 2024ರ ಜೂನ್ 6ರಂದು ಕೋಲ್ಕತ್ತಾದಲ್ಲಿ ಕುವೈತ್ ವಿರುದ್ಧ ವಿದಾಯದ ಪಂದ್ಯ ಆಡಿದಾಗ ಅವರ ಹೆಸರಿನಲ್ಲಿ 94 ಗೋಲು ಇತ್ತು. ಅವತ್ತು ಇಡೀ ಸ್ಟೇಡಿಯಂ ಕಾದಿತ್ತು, ಆದರೂ 0-0. ಮೂರು ಮ್ಯಾಚ್ ನೋಡಿ ನೀನು ನಿನ್ನ ಬಗ್ಗೆ ಹಾಗೆಲ್ಲ ಅಂದುಕೊಳ್ಳಬೇಡ.

ಏನು ಮಾಡಬೇಕು ಅಂತ ಕೇಳಿದ್ದೀಯ. ಸ್ಟಾಪರ್ ಆಡಿದವನು ಫಾರ್ವರ್ಡ್‌ಗೆ ಏನು ಹೇಳಲಿ? ಆದರೂ ತೋಚಿದ್ದು ಹೇಳುತ್ತೇನೆ, ನಿನ್ನ ಕೋಚ್ ಬೇರೆ ಹೇಳಿದರೆ ಅವರ ಮಾತೇ ಕೇಳು. ನಿನ್ನ ತಂಡದ ಸ್ಟಾಪರ್ ಹುಡುಗಿಯನ್ನು ಸ್ನೇಹ ಮಾಡಿಕೋ. ಪ್ರಾಕ್ಟೀಸ್ ಮುಗಿದ ಮೇಲೆ ಕೇಳು, ‘ಇವತ್ತು ನಾನು ಯಾವಾಗ ನಿನ್ನ ಕಣ್ಣು ತಪ್ಪಿಸಿದೆ?’ ಅಂತ. ಅವಳಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರಲ್ಲ. ಚೆಂಡನ್ನೂ ನಿನ್ನನ್ನೂ ಅವಳು ಒಟ್ಟಿಗೆ ನೋಡಲಾಗದ ಕಡೆ ನಿಲ್ಲುವುದನ್ನು ರೂಢಿ ಮಾಡಿಕೋ. ಕ್ರಾಸ್ ನಿನ್ನನ್ನು ದಾಟಿ ಹೋದರೂ ನಿಲ್ಲಬೇಡ, ಗೋಲ್‌ಕೀಪರ್ ಕೈಯಿಂದ ಜಾರಿದ ಚೆಂಡು ಬೇಕಾದಷ್ಟು ಸಲ ಅಲ್ಲೇ ಬೀಳುತ್ತೆ. ವಾರಕ್ಕೆ ಒಂದೆರಡು ದಿನವಾದರೂ ಗೋಲ್‌ಕೀಪರನ್ನು ನಿಲ್ಲಿಸಿಕೊಂಡು ಗೋಲಿನ ಮುಂದಿನ ಬಾಕ್ಸಿನೊಳಗೆ ಚೆಂಡು ನಿಲ್ಲಿಸದೆ ಒಂದೇ ಟಚ್ಚಿನಲ್ಲಿ ಹೊಡೆಯುವ ಅಭ್ಯಾಸ ಮಾಡೋಕೆ ಬಿಡ್ತಾರಾ ಅಂತ ಕೋಚನ್ನು ಕೇಳು. ಕೇಳೋಕೆ ಸಂಕೋಚವಾದರೆ ಕಾಗದ ಬರೆದು ಕೊಡು, ನಿನಗೆ ಬರೆಯೋದು ಚೆನ್ನಾಗಿ ಬರುತ್ತೆ. ಮೊಣಕಾಲು ಜೋಪಾನ. ಹುಡುಗಿಯರಿಗೆ ಎಸಿಎಲ್ ಪೆಟ್ಟು, ಅಂದರೆ ಮೊಣಕಾಲಿನೊಳಗಿನ ಲಿಗಮೆಂಟಿನ ಪೆಟ್ಟು, ಹುಡುಗರಿಗಿಂತ ಜಾಸ್ತಿ ಆಗುತ್ತೆ, ವಾರ್ಮ್ ಅಪ್ ಬಿಡಬೇಡ.

ವಿಂಗಿಗೆ ಹಾಕಿದರೆ ಹೋಗು, ಅಳಬೇಡ. ಅಲ್ಲಿಂದಲೂ ಗೋಲಿನ ಬಾಗಿಲು ಮುಚ್ಚುವುದಿಲ್ಲ. 2025ರ ಜುಲೈನಲ್ಲಿ ಥಾಯ್ಲೆಂಡ್ ವಿರುದ್ಧ 2-1ರಿಂದ ಗೆದ್ದು ನಮ್ಮ ಹುಡುಗಿಯರು ಏಷ್ಯಾ ಕಪ್‌ಗೆ ಅರ್ಹತೆ ಪಡೆದರಲ್ಲ, ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದ್ದು. ಅವರು ಆಡುವುದು ಮಿಡ್‌ಫೀಲ್ಡಿನಲ್ಲಿ.

ಕೋಚ್ ಮೇಲೆ ನನಗೆ ಸಿಟ್ಟಿಲ್ಲ. ಅವರು ಹನ್ನೊಂದು ಜನರನ್ನು ನೋಡಬೇಕು. ಆದರೆ ಅವರು ಹೇಳಿದ್ದು ‘ಕಲಿಸೋಕೆ ಆಗಲ್ಲ’ ಅಂತ. ‘ನನಗೆ ಅದು ಇಲ್ಲ’ ಅನ್ನುವುದನ್ನು ಸೇರಿಸಿದ್ದು ನೀನು. ಅದನ್ನು ಇನ್ನೊಂದು ಕಾಗದದಲ್ಲಿ ಬರೆಯಬೇಡ, ನನಗೆ ಓದೋಕಾಗಲ್ಲ.

ಭಾನುವಾರದ ಮ್ಯಾಚ್ ಆದ ಮೇಲೆ ಬರೆ. ನಿನ್ನನ್ನು ಮಾರ್ಕ್ ಮಾಡಿದ ಹುಡುಗಿ ಹೇಗಿದ್ದಳು, ಕ್ರಾಸ್ ಬಂದಾಗ ನೀನು ಎಲ್ಲಿ ನಿಂತಿದ್ದೆ, ಅದೆಲ್ಲ ವಿವರವಾಗಿ ಬರೆ. ಶೂ ಹರಿದಿದೆ ಅಂತ ನಿಮ್ಮಮ್ಮ ಹೇಳಿದಳು. ಸೈಜ್ ತಿಳಿಸು, ತಿಂಗಳ ಕೊನೆಯೊಳಗೆ ಕಳಿಸುತ್ತೇನೆ.

ಇಂತಿ ನಿನ್ನ
ದೊಡ್ಡಪ್ಪ