ಆಂಡೀಸ್ ದಾಟಿದ ಸೇನೆಯ ಬಗ್ಗೆ ಬರೆಯುವ ಮೊದಲು

ಚಿರಂಜೀವಿ ಪುಟ್ಟಿಗೆ ಸೋದರಮಾವನ ಆಶೀರ್ವಾದಗಳು.

ಚಿಲಿಯನ್ನು ಸ್ಪೇನಿನ ಆಳ್ವಿಕೆಯಿಂದ ಬಿಡಿಸಲು ಅರ್ಜೆಂಟೀನಾದ ಸೇನಾಪತಿ ಸಾನ್ ಮಾರ್ತಿನ್‌ನ ಸೇನೆ 1817ರಲ್ಲಿ ಆಂಡೀಸ್ ಪರ್ವತ ದಾಟಿದ್ದರ ಬಗ್ಗೆ ಕಾಲೇಜಿನ ಸಂಚಿಕೆಗೆ ಲೇಖನ ಒಪ್ಪಿಕೊಂಡಿದ್ದೀಯ ಅಂತ ಅಕ್ಕ ಹೇಳಿದಳು. ಕೇಳಿ ತುಂಬ ಸಂತೋಷವಾಯಿತು. ಬರೆಯಲು ಕೂರುವ ಮುಂಚೆ ನನ್ನದೊಂದು ಮಾತು ಕೇಳು. ಹಿಮದ ನಡುವೆ ಬಿಳಿ ಕುದುರೆ ಏರಿ ಕೈಚಾಚಿ ನಿಂತ ಸೇನಾಪತಿಯ ಚಿತ್ರದಿಂದ ಲೇಖನ ಆರಂಭಿಸಬೇಡ. ಆ ಮನುಷ್ಯ ಪರ್ವತ ಹತ್ತಿದ್ದು ಹೇಸರಗತ್ತೆಯ ಮೇಲೆ, ಹೊಟ್ಟೆಹುಣ್ಣಿನ ನೋವು ಸಹಿಸಿಕೊಂಡು. ಆತ ಪರ್ವತವನ್ನು ಗೆದ್ದದ್ದು ಅದರ ಬುಡದಲ್ಲಿ, ಅರ್ಜೆಂಟೀನಾ ಬದಿಯ ಮೆಂದೋಸಾ ಊರಿನ ಉಗ್ರಾಣ ಮತ್ತು ಕುಲುಮೆಗಳಲ್ಲಿ, ಎರಡು ವರ್ಷಕ್ಕೂ ಮಿಕ್ಕಿದ ದುಡಿಮೆಯಿಂದ. ನಿನ್ನ ಲೇಖನದ ಅರ್ಧ ಅಲ್ಲಿಗೇ ಮೀಸಲಿರಲಿ.

ಹಿನ್ನೆಲೆಗೆ ಒಂದು ಪ್ಯಾರಾ ಸಾಕು. 1814ರಲ್ಲಿ ಸಾನ್ ಮಾರ್ತಿನ್ ಮೆಂದೋಸಾ ಇರುವ ಕೂಯೋ ಪ್ರಾಂತ್ಯದ ಆಡಳಿತ ವಹಿಸಿಕೊಂಡ. ಅದೇ ಅಕ್ಟೋಬರಿನಲ್ಲಿ ರಂಕಾಗುವಾದಲ್ಲಿ ಚಿಲಿಯ ಸ್ವಾತಂತ್ರ್ಯ ಪಡೆ ಸೋತು, ಅದರ ನಾಯಕ ಓ'ಹಿಗಿನ್ಸ್ ಮೊದಲಾದವರು ಪರ್ವತ ದಾಟಿ ಮೆಂದೋಸಾಕ್ಕೆ ಓಡಿಬಂದರು. ಸ್ಪೇನಿನ ಬಲದ ಬೇರು ಪೆರುವಿನಲ್ಲಿತ್ತು. ಅಲ್ಲಿಗೆ ಉತ್ತರದ ಬೆಟ್ಟಗಳ ಮೂಲಕ ಹೋಗುವ ಯತ್ನಗಳು ಮತ್ತೆ ಮತ್ತೆ ಸೋತಿದ್ದವು. ಚಿಲಿಯನ್ನು ಬಿಡಿಸಿ, ಅಲ್ಲಿಂದ ಹಡಗಿನಲ್ಲಿ ಪೆರುವಿನ ರಾಜಧಾನಿ ಲಿಮಾಕ್ಕೆ ಹೋಗುವುದು ಸಾನ್ ಮಾರ್ತಿನ್‌ನ ಲೆಕ್ಕ. ತನ್ನ ನಿದ್ದೆ ಕೆಡಿಸುತ್ತಿರುವುದು ಶತ್ರುವಿನ ವಿರೋಧವಲ್ಲ, ಈ ಅಗಾಧ ಪರ್ವತಗಳನ್ನು ದಾಟುವ ಕೆಲಸ ಎಂದು 1816ರ ಜೂನಿನಲ್ಲಿ ಗೆಳೆಯ ಗೀದೊಗೆ ಬರೆದ.

ಆ ಚಿಂತೆಗೆ ಕಾರಣ ಎತ್ತರವೊಂದೇ ಅಲ್ಲ. ಮುಖ್ಯ ಪಡೆ ಹಿಡಿದ ಲೋಸ್ ಪಾತೋಸ್ ದಾರಿಯಲ್ಲಿ ಎಸ್ಪಿನಾಸಿತೊ ಎಂಬ ಏರು ಸುಮಾರು 4,500 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿ ತೆಳು, ಸೌದೆ ಇಲ್ಲ, ಮೇವು ಅಲ್ಲಲ್ಲಿ ಮಾತ್ರ. ಜನಕ್ಕೂ ಪ್ರಾಣಿಗೂ ಬೇಕಾದದ್ದನ್ನೆಲ್ಲ ಹೊತ್ತೇ ಹೋಗಬೇಕು. ಹೊರುವ ಪ್ರಾಣಿಯೂ ತಿನ್ನುತ್ತದೆ. ದಾರಿ ಎರಡು ದಿನ ಉದ್ದವಾದರೆ ಬೇಕಾಗುವ ಪ್ರಾಣಿಗಳ ಸಂಖ್ಯೆಯೂ ಏರುತ್ತದೆ, ಆ ಪ್ರಾಣಿಗಳಿಗೆ ಮೇವು ಇನ್ನೂ ಹೆಚ್ಚು ಬೇಕು. ಈ ಸುಳಿಯನ್ನು ಓದುಗರಿಗೆ ಬಿಡಿಸಿ ಹೇಳಿದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಅಂಕಿಗಳಲ್ಲಿ ಎಚ್ಚರ ಇರಲಿ. ಒಂದು ಪುಸ್ತಕ 4,000 ಜನ ಎನ್ನುತ್ತದೆ, ಇನ್ನೊಂದು 5,000ಕ್ಕೂ ಹೆಚ್ಚು ಎನ್ನುತ್ತದೆ. ಯಾವುದೂ ತಪ್ಪಲ್ಲ. ಕಾದಾಡುವ ಸೈನಿಕರು ಸುಮಾರು 4,000. ಸಾಮಾನು ಸಾಗಿಸಲು, ಪ್ರಾಣಿ ನೋಡಿಕೊಳ್ಳಲು ಬಂದ ಪ್ರಾಂತ್ಯದ ಮಂದಿ ಸುಮಾರು 1,200. ದಾರಿ ಕಡಿದು ಸರಿಪಡಿಸಲು 120 ಮಂದಿ. ಯಾರನ್ನು ಎಣಿಸುತ್ತಿದ್ದೀಯ ಎಂದು ಹೇಳಿಯೇ ಸಂಖ್ಯೆ ಬರೆ. ಹೇಸರಗತ್ತೆಗಳು 9,000ಕ್ಕೂ ಹೆಚ್ಚು. ಅವುಗಳಲ್ಲಿ ಬಹುಪಾಲು ಸವಾರಿಗೆ, 1,900ರಷ್ಟು ಮಾತ್ರ ಹೊರೆಗೆ. ಸೈನಿಕರು ಬೆಟ್ಟವನ್ನು ನಡೆದೇ ಹತ್ತಿದ್ದರೆ ಆಚೆ ಬದಿಯಲ್ಲಿ ಕಾದಾಡುವ ಶಕ್ತಿಯೇ ಉಳಿಯುತ್ತಿರಲಿಲ್ಲ. 1,600 ಕುದುರೆಗಳೂ ಇದ್ದವು, ಆದರೆ ಅವು ಯುದ್ಧಕ್ಕೆ. ಹೇಸರಗತ್ತೆ ಕಡಿದಾದ ಕಲ್ಲುದಾರಿಯಲ್ಲಿ ಹೆಜ್ಜೆ ತಪ್ಪುವುದಿಲ್ಲ, ಒರಟು ಮೇವಿನಲ್ಲೂ ಬದುಕುತ್ತದೆ. ಕುದುರೆಗೆ ಆ ತಾಳಿಕೆ ಇಲ್ಲ. ಆ ಕಲ್ಲಿನ ಮೇಲೆ ಅದರ ಗೊರಸು ಬೇಗ ಸವೆಯುವುದರಿಂದ ಸಾವಿರಾರು ಲಾಳಗಳನ್ನು ಮೊದಲೇ ಹೊಡೆಸಿದ್ದರು. ಇಷ್ಟೆಲ್ಲ ಮಾಡಿಯೂ ಆಚೆ ತಲುಪಿದ್ದು ಸುಮಾರು 4,300 ಹೇಸರಗತ್ತೆ, 511 ಕುದುರೆ. ಈ ಎರಡು ಸಂಖ್ಯೆಗಳನ್ನು ಹೊರಟಾಗಿನ ಸಂಖ್ಯೆಗಳ ಪಕ್ಕದಲ್ಲೇ ಇಡು. ಆ ದಾರಿ ಹೇಗಿತ್ತು ಎಂಬುದಕ್ಕೆ ಬೇರೆ ವರ್ಣನೆ ಬೇಡ.

ಊಟದ ವಿಷಯ ವಿವರವಾಗಿ ಬರೆ, ಓದುಗರಿಗೆ ಇದು ಹಿಡಿಸುತ್ತದೆ. ಬಿಸಿಲಲ್ಲಿ ಒಣಗಿಸಿದ ದನದ ಮಾಂಸವನ್ನು ಸುಟ್ಟು, ಕುಟ್ಟಿ ಪುಡಿಮಾಡಿ, ಕೊಬ್ಬು ಮತ್ತು ಮೆಣಸಿನಕಾಯಿ ಸೇರಿಸಿ ಅದುಮಿ ಕಟ್ಟುತ್ತಿದ್ದರು. ಇದರ ಹೆಸರು ಚಾರ್ಕಿಕಾನ್. ಬಿಸಿನೀರಿಗೆ ಹಾಕಿ ಹುರಿದ ಮೆಕ್ಕೆಜೋಳದ ಹಿಟ್ಟು ಕಲಸಿದರೆ ಊಟ ತಯಾರು. ಹಗುರ, ಕೆಡುವುದಿಲ್ಲ, ಸೌದೆ ಇಲ್ಲದ ಜಾಗದಲ್ಲಿ ಬೇಯಿಸುವ ರಗಳೆಯೂ ಇಲ್ಲ. ಜೊತೆಗೆ ಗಟ್ಟಿ ಬಿಸ್ಕತ್ತು, ಚೀಸ್, ಮದ್ಯ, ಮತ್ತೆ ರಾಶಿ ರಾಶಿ ಈರುಳ್ಳಿ, ಬೆಳ್ಳುಳ್ಳಿ. ಎತ್ತರದಲ್ಲಿ ಬರುವ ತಲೆನೋವು, ವಾಂತಿ, ಏದುಸಿರಿಗೆ ಅಲ್ಲಿ ಪೂನಾ ಎನ್ನುತ್ತಾರೆ. ಅದಕ್ಕೆ ಬೆಳ್ಳುಳ್ಳಿ ಮದ್ದು ಎಂದು ನಂಬಿದ್ದರು. ಬೆಳ್ಳುಳ್ಳಿ ಪೂನಾವನ್ನು ವಾಸಿ ಮಾಡಿತು ಎಂದು ಮಾತ್ರ ನೀನು ಬರೆಯಬೇಡ. ಅದಕ್ಕೆ ನಿಜವಾದ ಉಪಾಯ ನಿಧಾನವಾಗಿ ಹತ್ತುವುದು, ತೀರಾ ಹೆಚ್ಚಾದರೆ ಕೆಳಗಿಳಿಯುವುದು. ನೀರು ಒಯ್ಯಲು ದನದ ಕೊಂಬುಗಳು. ಕಾಲಿಗೆ ತಮಾಂಗೊ. ಸೇನೆಯ ಊಟಕ್ಕೆ ಕಡಿದ ದನಗಳ ತೊಗಲಿನ ಚೂರುಗಳಿಂದ ಹೊಲಿದು, ಒಳಗೆ ಹಳೆಯ ಉಣ್ಣೆಬಟ್ಟೆ ತುಂಬಿದ ಒರಟು ಪಾದರಕ್ಷೆ ಅದು. ಬಿಸಾಡುವ ಒಂದು ಚೂರೂ ಇರಲಿಲ್ಲ ಎಂಬುದನ್ನು ಇದೊಂದರಿಂದಲೇ ತೋರಿಸಬಹುದು.

ಫ್ರಾನ್ಸಿಸ್ಕನ್ ಪಾದ್ರಿ ಲೂಯಿಸ್ ಬೆಲ್ತ್ರಾನ್‌ನನ್ನು ಮರೆಯಬೇಡ. ಸುಮಾರು 700 ಕೆಲಸಗಾರರನ್ನು ಇಟ್ಟುಕೊಂಡು ಆಯುಧಶಾಲೆ ನಡೆಸಿದವನು ಆತ. ಚರ್ಚಿನ ಗಂಟೆಗಳನ್ನು ಕರಗಿಸಿ ಎರಕ ಹೊಯ್ಯಿಸಿದ. ಫಿರಂಗಿಗಳನ್ನು ಉಣ್ಣೆಯಲ್ಲಿ ಸುತ್ತಿ, ಮೇಲೆ ತೊಗಲು ಹೊದಿಸಿ, ಕಿರಿದಾದ ದಾರಿಗೆಂದೇ ಮಾಡಿದ ಗಿಡ್ಡ ಬಂಡಿಗಳ ಮೇಲೆ ಸಾಗಿಸಿದರು. ಬಂಡಿ ಹೋಗದ ಕಡೆ ಗಳಕ್ಕೆ ಕಟ್ಟಿ ಎರಡು ಹೇಸರಗತ್ತೆಗಳ ನಡುವೆ ತೂಗುಹಾಕಿದರು. ಏರಿನಲ್ಲಿ ರಾಟೆ ಮತ್ತು ಹಗ್ಗದಿಂದ ಎಳೆದರು. ತೊರೆಗಳಿಗೆಂದು ಮಡಚಿ ಒಯ್ಯುವ ಹಗ್ಗದ ಸೇತುವೆಯೂ ಜೊತೆಗಿತ್ತು. ಫಿರಂಗಿಗಳನ್ನು ಉಸ್ಪಯಾತಾ ದಾರಿಯಲ್ಲೇ ಕಳಿಸಿದ್ದಕ್ಕೆ ಕಾರಣ ಇಷ್ಟೆ: ಅದು ಹೆಚ್ಚು ಬಳಕೆಯಲ್ಲಿದ್ದ, ಕಡಿಮೆ ಉದ್ದದ ದಾರಿ.

ಈ ವೆಚ್ಚದ ದೊಡ್ಡ ಪಾಲು ಹೊತ್ತವರು ಕೂಯೋದ ಜನ. ತೆರಿಗೆ, ಕಡ್ಡಾಯ ಕಾಣಿಕೆ, ಜಾನುವಾರು, ದುಡಿಮೆ ಎಲ್ಲವೂ ಅವರಿಂದ. ಪ್ರಾಂತ್ಯದ ಒಡೆಯರು ತಮ್ಮ ಗುಲಾಮರಲ್ಲಿ ಮೂರರಲ್ಲಿ ಎರಡು ಪಾಲು ಸೇನೆಗೆ ಕೊಡಬೇಕಾಯಿತು. ಹಾಗೆ ಬಿಡುಗಡೆಯಾದ ಕಪ್ಪು ಜನರೇ 7 ಮತ್ತು 8ನೇ ಬೆಟಾಲಿಯನ್‌ಗಳ ಬೆನ್ನೆಲುಬು. ಬಿಡುಗಡೆ ಅವರಿಗೆ ಸಿಕ್ಕಿದ್ದು ಬಂದೂಕು ಹಿಡಿಯುವ ಷರತ್ತಿನ ಮೇಲೆ. ಸ್ವಾತಂತ್ರ್ಯದ ಯುದ್ಧ ಎಂದು ಬರೆಯುವಾಗ ಈ ಮಾತನ್ನೂ ಬರೆಯಲೇಬೇಕು ಪುಟ್ಟಿ, ಅಡಿಟಿಪ್ಪಣಿಗೆ ತಳ್ಳಬೇಡ.

ಮೋಸದ ತಂತ್ರಗಳು ಬಲು ಸೊಗಸು, ಆದರೆ ಅಳತೆಯಲ್ಲಿರಲಿ. 1816ರ ಸೆಪ್ಟೆಂಬರಿನಲ್ಲಿ ಸಾನ್ ಮಾರ್ತಿನ್ ದಕ್ಷಿಣದ ಮೂಲನಿವಾಸಿಗಳಾದ ಪೆವೆಂಚೆ ಜನರ ಮುಖಂಡರನ್ನು ಕರೆದು, ಅವರ ನೆಲದ ಮೂಲಕ ದಾಟುತ್ತೇನೆ ಎಂದು ಗುಟ್ಟಿನಂತೆ ಹೇಳಿದ. ಸುದ್ದಿ ಸ್ಪೇನಿನ ಪರವಾಗಿ ಚಿಲಿ ಆಳುತ್ತಿದ್ದ ಗವರ್ನರ್ ಮಾರ್ಕೋ ದೆಲ್ ಪೋಂತ್‌ಗೆ ತಲುಪಲೆಂದೇ ಹೇಳಿದ್ದು. ಆಲ್ವಾರೆಸ್ ಕೊಂದಾರ್ಕೊ ಎಂಬ ಅಧಿಕಾರಿಗೆ ಅರ್ಜೆಂಟೀನಾದ ಸ್ವಾತಂತ್ರ್ಯ ಘೋಷಣೆಯ ಪ್ರತಿ ಕೊಟ್ಟು, ಗವರ್ನರ್ ಬಳಿಗೆ ಉದ್ದದ ಲೋಸ್ ಪಾತೋಸ್ ದಾರಿಯಲ್ಲಿ ಕಳಿಸಿದ. ಗವರ್ನರ್ ಸಿಟ್ಟಿಗೆದ್ದು ಹತ್ತಿರದ ಉಸ್ಪಯಾತಾ ದಾರಿಯಲ್ಲಿ ಹೊರಗಟ್ಟುತ್ತಾನೆ ಎಂಬ ಎಣಿಕೆ ನಿಜವಾಯಿತು. ಎರಡೂ ದಾರಿಗಳ ನಕ್ಷೆ ಅಧಿಕಾರಿಯ ತಲೆಯಲ್ಲಿ ಅಚ್ಚಾಗಿ ಬಂತು.

1817ರ ಜನವರಿಯಲ್ಲಿ ಪಡೆಗಳು ಹೊರಟವು. ಅಲ್ಲಿ ಅದು ಬೇಸಿಗೆ ಎಂದು ಒಂದು ಸಾಲು ಸೇರಿಸು, ಇಲ್ಲದಿದ್ದರೆ ನಮ್ಮ ಓದುಗರು ಚಳಿಗಾಲ ಎಂದುಕೊಳ್ಳುತ್ತಾರೆ. ಬೇಸಿಗೆಯಲ್ಲೂ ರಾತ್ರಿ ಹೆಪ್ಪುಗಟ್ಟುವ ಚಳಿ. ದಾರಿಗಳು ಒಟ್ಟು ಆರು. ಉತ್ತರದಿಂದ ಕೋಮೆಕಬಾಯೋಸ್, ಗ್ವಾನಾ, ಲೋಸ್ ಪಾತೋಸ್, ಉಸ್ಪಯಾತಾ, ಪೋರ್ತಿಯೊ, ಪ್ಲಾಂಚೋನ್. ನಡುವಿನ ಎರಡರಲ್ಲಿ ಮುಖ್ಯ ಬಲ, ಉಳಿದವು ಶತ್ರುವನ್ನು ಉದ್ದಕ್ಕೂ ಚದುರಿಸಲು. ಲೋಸ್ ಪಾತೋಸ್‌ನಲ್ಲಿ ತುಕಡಿಗಳು ಒಂದೊಂದು ದಿನದ ಅಂತರದಲ್ಲಿ ನಡೆದವು. ಎಲ್ಲರೂ ಒಂದೇ ದಿನ ಬಂದಿಳಿದರೆ ಹುಲ್ಲುಗಾವಲು ಸಾಲದು. ಉಸ್ಪಯಾತಾದಲ್ಲಿ ಹೋದ ಪಡೆಯ ನಾಯಕ ಲಾಸ್ ಎರಾಸ್ ಫೆಬ್ರವರಿ 4ರಂದು ಗ್ವಾರ್ದಿಯಾ ವಿಯೆಹಾ ಎಂಬ ಶತ್ರುಠಾಣೆ ಗೆದ್ದರೂ ಕೆಳಗಿನ ಬಯಲಿಗೆ ನುಗ್ಗಲಿಲ್ಲ. ಒಬ್ಬನೇ ಮೊದಲು ಇಳಿದರೆ ಇಡೀ ಶತ್ರುಬಲ ಅವನ ಮೇಲೆ ಬೀಳುತ್ತಿತ್ತು. ಎರಡೂ ಪಡೆಗಳು ಫೆಬ್ರವರಿ 8ರಂದು ಅಕೊಂಕಾಗುವಾ ಕಣಿವೆಯಲ್ಲಿ ಜೊತೆಗೂಡಿದವು. ನನ್ನ ಮಟ್ಟಿಗೆ ಇಡೀ ದಂಡಯಾತ್ರೆಯ ಅತಿ ದೊಡ್ಡ ಸಾಧನೆ ಈ ತಾರೀಖು.

ಫೆಬ್ರವರಿ 12ರ ಚಾಕಾಬೂಕೊ ಯುದ್ಧಕ್ಕೆ ಐದಾರು ಸಾಲು ಸಾಕು. ಚದುರಿದ ಶತ್ರು ಒಂದುಗೂಡುವ ಮುಂಚೆ ಹೊಡೆಯಬೇಕೆಂದು, ಹಿಂದೆ ಬರುತ್ತಿದ್ದ ದೊಡ್ಡ ಫಿರಂಗಿಗಳಿಗೂ ಕಾಯದೆ ಸಾನ್ ಮಾರ್ತಿನ್ ದಾಳಿ ಮಾಡಿದ, ಗೆದ್ದ. ಎರಡು ದಿನಕ್ಕೆ ಸೇನೆ ಸಾಂತಿಯಾಗೊ ಸೇರಿತು.

ನಕ್ಷೆಯನ್ನು ನೀನೇ ಬಿಡಿಸು. ಪರ್ವತದ ಗೆರೆ ಎಳೆದು ಸುಮ್ಮನಾಗದೆ ನದಿಗಳನ್ನೂ ಗುರುತಿಸು. ಎರಡೂ ಮುಖ್ಯ ದಾರಿಗಳು ಬಹುತೇಕ ನದಿಯ ಬದಿ ಹಿಡಿದೇ ಸಾಗುತ್ತವೆ. ಕರಡು ಮುಗಿದ ಕೂಡಲೇ ಕಳಿಸು, ಅಂಕಿ ಮತ್ತು ತಾರೀಖುಗಳನ್ನು ನೋಡಿಕೊಡುತ್ತೇನೆ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ಇತಿ ನಿನ್ನ ಮಾವ